ಸಿಂಧ್‌ನ ಸಮ್ಮಾ ಕುಲ: ಮೂಲ ಮತ್ತು ಇತಿಹಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಮ್ಮಾ ಅಂದರೆ ಯಾರು?

ಸಿಂಧೂ ನದಿ ಕವಲೊಡೆದು ಅರಬ್ಬಿ ಸಮುದ್ರ ಸೇರುವ ಕಡೆ, ಈಗಿನ ಪಾಕಿಸ್ತಾನದ ಕೆಳ ಸಿಂಧ್‌ನಲ್ಲಿ ಬೆಳೆದ ಒಂದು ಹಳೆಯ ಕುಲ ಇದು. ಮೊದಲು ದನಕರು ಮೇಯಿಸಿಕೊಂಡು, ಬೇಸಾಯ ಮಾಡಿಕೊಂಡು ಇದ್ದವರು. ಆಮೇಲೆ ಸುಮಾರು 1351ರಿಂದ 1520ರ ದಶಕದವರೆಗೆ ಸಿಂಧ್ ಆಳಿದರು. ಇವರ ದೊರೆಗಳನ್ನು 'ಜಾಮ್' ಎಂದು ಕರೆಯುತ್ತಿದ್ದರು. ಠಟ್ಟಾ ಊರಿನ ಹತ್ತಿರ ಇವರ ರಾಜಧಾನಿ ಇತ್ತು.

ಸಿಂಧ್ ಅಂದ ಕೂಡಲೇ ನಮಗೆ ನೆನಪಾಗುವುದು ಮೊಹೆಂಜೊದಾರೊ, ಅದು ಬಿಟ್ಟರೆ 1947ರ ವಿಭಜನೆ. ಅವೆರಡರ ನಡುವೆ ಸಾವಿರಾರು ವರ್ಷಗಳ ಕಥೆ ಇದೆ. ಅದರಲ್ಲಿ ಸಮ್ಮಾಗಳ ಕಾಲವನ್ನು ಸಿಂಧಿ ಜನ ಇವತ್ತಿಗೂ ಪ್ರೀತಿಯಿಂದ ನೆನೆಯುತ್ತಾರೆ. ದೆಹಲಿಯಿಂದಲೋ ಕಾಬೂಲಿನಿಂದಲೋ ಬಂದವರಲ್ಲ, ನಮ್ಮ ಮಣ್ಣಿನವರೇ ನಮ್ಮನ್ನು ಆಳಿದರು ಅನ್ನುವ ಅಭಿಮಾನ ಆ ನೆನಪಿನಲ್ಲಿದೆ.

ಇವರ ಮೂಲ ಯಾವುದು? ಯಾದವರಾ, ಅರಬ್ಬರಾ?

ಜಾಸ್ತಿ ಜಗಳ ನಡೆಯುವುದು ಈ ಪ್ರಶ್ನೆಯ ಮೇಲೇ. ಎರಡು ಬಗೆಯ ವಂಶಾವಳಿಗಳಿವೆ.

ಕಛ್ ಮತ್ತು ಸೌರಾಷ್ಟ್ರದ ಚಾರಣರು, ಅಂದರೆ ರಾಜಮನೆತನಗಳ ವಂಶದ ಕಥೆ ಹಾಡುವವರು, ಸಮ್ಮಾಗಳನ್ನು ಚಂದ್ರವಂಶಕ್ಕೆ ಸೇರಿಸುತ್ತಾರೆ. ಕೃಷ್ಣನ ಮಗ ಸಾಂಬನಿಂದ ಈ ಕುಲ ಬಂತು ಅನ್ನುವುದು ಅವರ ಮಾತು. ಇನ್ನೊಂದು ಕಡೆ, ಸಿಂಧ್‌ನಲ್ಲಿ ಪರ್ಷಿಯನ್ ಭಾಷೆಯಲ್ಲಿ ಇತಿಹಾಸ ಬರೆದವರು ಬೇರೆಯೇ ದಾರಿ ಹಿಡಿದರು. ಒಬ್ಬರ ಲೆಕ್ಕದಲ್ಲಿ ಇವರು ನೂಹ್ ಪ್ರವಾದಿಯ ಮಗ ಸಾಮ್‌ನ ಸಂತತಿ. ಇನ್ನೊಬ್ಬರ ಲೆಕ್ಕದಲ್ಲಿ ಅರೇಬಿಯಾದ ಕುರೈಶ್ ಕುಲದವರು. ಮತ್ತೊಂದು ಕಡೆ ಇರಾನಿನ ಪುರಾಣದ ದೊರೆ ಜಮ್ಶೀದ್‌ಗೆ ನಂಟು ಹಾಕಿದ್ದಾರೆ. 'ಜಾಮ್' ಬಿರುದು ಅವನಿಂದಲೇ ಬಂತು ಅಂತಲೂ ಹೇಳುತ್ತಾರೆ.

ಇವುಗಳಲ್ಲಿ ಯಾವುದು ನಿಜ ಅಂತ ಹುಡುಕುವುದಕ್ಕಿಂತ, ಯಾರು ಯಾವಾಗ ಯಾವುದನ್ನು ಹೇಳಿದರು ಅಂತ ನೋಡಿದರೆ ಹೆಚ್ಚು ತಿಳಿಯುತ್ತದೆ ಎಂದು ನನಗೆ ಅನ್ನಿಸುತ್ತದೆ. ರಜಪೂತ ಮನೆತನಗಳ ಜೊತೆ ಹೆಣ್ಣು ಕೊಟ್ಟು ತಂದು ಮಾಡುವ ಕವಲಿಗೆ ದ್ವಾರಕೆಯ ನಂಟು ಬೇಕಿತ್ತು. ಇಸ್ಲಾಂ ಜಗತ್ತಿನ ಸುಲ್ತಾನರ ಸಾಲಿನಲ್ಲಿ ನಿಲ್ಲಬೇಕಾದ ಕವಲಿಗೆ ಅರೇಬಿಯಾ, ಇರಾನ್ ನಂಟು ಬೇಕಿತ್ತು. ಒಂದೇ ಕುಲ, ಎರಡು ಕಡೆ ಮುಖ.

ನಮಗೆ ಇದು ಹೊಸದೇನಲ್ಲ. ಹೊಯ್ಸಳರು ಶಾಸನಗಳಲ್ಲಿ ತಮ್ಮನ್ನು 'ಯಾದವಕುಲಾಂಬರದ್ಯುಮಣಿ', 'ದ್ವಾರಾವತೀಪುರವರಾಧೀಶ್ವರ' ಎಂದು ಕರೆದುಕೊಂಡರು. ಮಲೆನಾಡಿನ ಅಂಗಡಿ ಎಂಬ ಊರಿನಿಂದ ಮೇಲೆದ್ದು ಬಂದವರು ಅವರು. ಮೈಸೂರು ಒಡೆಯರ ಮನೆತನದ ಕಥೆಯೂ ದ್ವಾರಕೆಯಿಂದ ಬಂದ ಯದುರಾಯನಿಂದಲೇ ಶುರುವಾಗುತ್ತದೆ. ಹೊಸದಾಗಿ ಪಟ್ಟಕ್ಕೆ ಬಂದ ಮನೆತನ ಹಳೆಯ ದೊಡ್ಡ ಹೆಸರೊಂದಕ್ಕೆ ನಂಟು ಹಾಕಿಕೊಳ್ಳುವುದು ಭಾರತದ ಉದ್ದಗಲಕ್ಕೂ ನಡೆದಿದೆ. ಅದನ್ನು ಸುಳ್ಳು ಅಂತ ಬೈಯಬೇಕಾಗಿಲ್ಲ. ಆಗಿನ ರಾಜಕಾರಣದ ಭಾಷೆಯೇ ಅದು.

ಹಾಗಾದರೆ ಖಚಿತವಾಗಿ ಹೇಳಬಹುದಾದದ್ದು ಏನು?

8ನೇ ಶತಮಾನದ ಹೊತ್ತಿಗೇ ಇವರು ಸಿಂಧ್‌ನಲ್ಲಿ ಇದ್ದರು ಅನ್ನುವ ಹಳೆಯ ದಾಖಲೆ ಇದೆ. ಅರಬ್ ಸೇನಾಪತಿ ಮುಹಮ್ಮದ್ ಬಿನ್ ಖಾಸಿಂ 711-712ರಲ್ಲಿ ಸಿಂಧ್ ಗೆದ್ದ ಕಥೆಯನ್ನು ಹೇಳುವ 'ಚಚ್‌ನಾಮಾ' ಎಂಬ ಪರ್ಷಿಯನ್ ಗ್ರಂಥ ಇದೆ. ಈಗ ಸಿಗುವ ರೂಪ 13ನೇ ಶತಮಾನದ್ದು. ಅದರಲ್ಲಿ ಸಮ್ಮಾ ಜನ ಎರಡು ಕಡೆ ಬರುತ್ತಾರೆ. ಬ್ರಾಹ್ಮಣಾಬಾದ್ ಕೋಟೆಯ ಲೋಹಾನಾ ಒಡೆಯ ಅಘಮ್‌ನ ಕೈಕೆಳಗೆ ಲಾಖಾ, ಸಮ್ಮಾ, ಸಹ್ತಾ ಜನ ಇದ್ದರು ಅನ್ನುವುದು ಒಂದು. ಖಾಸಿಂ ಬಂದಾಗ ಸಮ್ಮಾಗಳು ಡೋಲು ಬಾರಿಸುತ್ತಾ, ಕುಣಿಯುತ್ತಾ ಎದುರು ಬಂದರು ಅನ್ನುವುದು ಇನ್ನೊಂದು. ಯಾಕೆ ಹೀಗೆ ಅಂತ ಕೇಳಿದರೆ, ಹೊಸ ದೊರೆ ಬಂದಾಗ ಹೀಗೆ ಸ್ವಾಗತ ಮಾಡುವುದು ನಮ್ಮ ಪದ್ಧತಿ ಅಂತ ಅವರು ಹೇಳಿದರಂತೆ.

ಅಂದರೆ ಅರಬ್ಬರು ಬರುವ ಮುಂಚೆಯೇ ಇವರು ಇಲ್ಲಿಯ ಜನ. ಇಸ್ಲಾಂ ಇವರೊಳಗೆ ನಿಧಾನವಾಗಿ ಬಂತು, ಕೆಲವು ಕವಲುಗಳಿಗೆ ಬರಲೇ ಇಲ್ಲ. ದೊರೆಗಳ ಹೆಸರನ್ನು ಸಾಲಾಗಿ ಓದಿದರೆ ಇದು ಎದ್ದು ಕಾಣುತ್ತದೆ. ಮೊದಲಿನವರು ಉನಾರ್, ಜೂನಾ, ಬಾಂಭಿನಾ, ತಮಾಚಿ. ಎಲ್ಲವೂ ನೆಲದ ಹೆಸರುಗಳು. ಆಮೇಲೆ ಸಲಾಹುದ್ದೀನ್, ಸಿಕಂದರ್, ನಿಜಾಮುದ್ದೀನ್, ಫಿರೋಜ್. ಅಷ್ಟಾದರೂ ನಿಜಾಮುದ್ದೀನ್‌ನನ್ನು ಜನ ಕರೆದದ್ದು ಜಾಮ್ ನಿಂದೊ ಅಂತಲೇ.

ದನಗಾಹಿ ಕುಲ ಪಟ್ಟಕ್ಕೆ ಏರಿದ್ದು ಹೇಗೆ?

ಇವರಿಗಿಂತ ಮುಂಚೆ ಸಿಂಧ್ ಆಳಿದವರು ಸೂಮ್ರಾಗಳು. ಅವರೂ ಸ್ಥಳೀಯರೇ. 11ನೇ ಶತಮಾನದಿಂದ ಸುಮಾರು ಮುನ್ನೂರು ವರ್ಷ ಆಳಿದರು. ಅವರ ಬಲ ಕುಗ್ಗುತ್ತಾ ಬಂದಾಗ ಕೆಳ ಸಿಂಧ್‌ನಲ್ಲಿ ಸಮ್ಮಾ ನಾಯಕರು ತಲೆ ಎತ್ತಿದರು. 1330ರ ದಶಕದಲ್ಲಿ ಸಿಂಧ್ ದಾಟಿ ಬಂದ ಪ್ರವಾಸಿ ಇಬ್ನ್ ಬತೂತಾ, ಸೆಹ್ವಾನ್‌ನಲ್ಲಿ ದೆಹಲಿ ಸುಲ್ತಾನನ ವಿರುದ್ಧ ದಂಗೆ ಎದ್ದ 'ವುನಾರ್' ಎಂಬ ನಾಯಕನ ಬಗ್ಗೆ ಬರೆದಿದ್ದಾನೆ. ಸಮ್ಮಾ ಮನೆತನದ ಮೊದಲ ದೊರೆ ಜಾಮ್ ಉನಾರ್ ಇವನೇ ಎಂದು ಹಲವು ಇತಿಹಾಸಕಾರರು ಗುರುತಿಸುತ್ತಾರೆ.

ದೆಹಲಿಯ ತುಘಲಕ್‌ಗೂ ಇವರಿಗೂ ಏನು ಸಂಬಂಧ?

ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದ್‌ಗೆ ಸಾಗಿಸಿದ ಮುಹಮ್ಮದ್ ಬಿನ್ ತುಘಲಕ್ ಕನ್ನಡದ ರಂಗಭೂಮಿ ನೋಡುವವರಿಗೆ ಚೆನ್ನಾಗಿ ಗೊತ್ತು ಅಲ್ವಾ? ಅವನು ಸತ್ತದ್ದು ಠಟ್ಟಾದ ಹತ್ತಿರ, 1351ರ ಮಾರ್ಚ್‌ನಲ್ಲಿ. ತಘೀ ಎಂಬ ಬಂಡಾಯಗಾರ ಗುಜರಾತಿನಿಂದ ಓಡಿ ಬಂದು ಸಿಂಧ್‌ನಲ್ಲಿ ಆಶ್ರಯ ಪಡೆದಿದ್ದ. ಅವನನ್ನು ಅಟ್ಟಿಸಿಕೊಂಡು ಬಂದ ಸುಲ್ತಾನ ಸಿಂಧೂ ದಡದಲ್ಲೇ ಜ್ವರ ಬಂದು ತೀರಿಕೊಂಡ. ಅವನ ಬೀಡಿನಲ್ಲೇ ಫಿರೋಜ್ ಷಾ ತುಘಲಕ್ ಪಟ್ಟಕ್ಕೆ ಬಂದ.

1360ರ ದಶಕದಲ್ಲಿ ಫಿರೋಜ್ ಷಾ ದೊಡ್ಡ ಸೈನ್ಯದ ಜೊತೆ ಮತ್ತೆ ಠಟ್ಟಾಕ್ಕೆ ಬಂದ. ಆಗ ಜಾಮ್ ಜೂನಾ ಮತ್ತು ಬಾಂಭಿನಾ ಇಬ್ಬರೂ ಸೇರಿ ಆಳುತ್ತಿದ್ದರು. ಸುಲ್ತಾನನ ಕುದುರೆಗಳಿಗೆ ರೋಗ ಬಂತು, ಸೈನಿಕರಿಗೆ ಕಾಳು ಸಿಗಲಿಲ್ಲ. ಮುತ್ತಿಗೆ ಬಿಟ್ಟು ಗುಜರಾತಿನ ಕಡೆ ಹೊರಟವನು ದಾರಿ ತೋರಿಸುವವರ ಮಾತು ನಂಬಿ ಕಛ್‌ನ ರಣ್ ಎಂಬ ಉಪ್ಪಿನ ಬಯಲಿನಲ್ಲಿ ಸಿಕ್ಕಿಹಾಕಿಕೊಂಡ. ಕುಡಿಯುವ ನೀರಿಲ್ಲದೆ ಸೈನ್ಯ ತಿಂಗಳುಗಟ್ಟಲೆ ನರಳಿತು. ಠಟ್ಟಾದ ಜನ ಆಗ ಒಂದು ಮಾತು ಕಟ್ಟಿದರು: ಪೀರ್ ಪಠೋ ಎಂಬ ಸಂತನ ಕೃಪೆಯಿಂದ ಒಬ್ಬ ಸತ್ತ, ಒಬ್ಬ ಓಡಿಹೋದ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗುಜರಾತಿನಲ್ಲಿ ಸುಧಾರಿಸಿಕೊಂಡ ಫಿರೋಜ್ ಷಾ ಮತ್ತೆ ಬಂದ. ಈ ಸಲ ಬೆಳೆ ಕೊಯ್ಲಿಗೆ ಬರುವ ಹೊತ್ತಿಗೆ ಬಂದದ್ದರಿಂದ ಕಾಳು ಅವನ ಕೈಗೆ ಸಿಕ್ಕಿತು, ಹಸಿವು ಠಟ್ಟಾದವರ ಪಾಲಾಯಿತು. ಉಚ್‌ನ ಸೂಫಿ ಗುರು ಸೈಯದ್ ಜಲಾಲುದ್ದೀನ್ ಬುಖಾರಿ ನಡುವೆ ನಿಂತು ರಾಜಿ ಮಾಡಿಸಿದರು. ಜಾಮ್‌ಗಳನ್ನು ದೆಹಲಿಗೆ ಕರೆದುಕೊಂಡು ಹೋದರು. ಅಲ್ಲಿ ಮರ್ಯಾದೆಯಿಂದಲೇ ಇಟ್ಟುಕೊಂಡರೂ ಅದು ಸೆರೆಯೇ. ಆಮೇಲೆ ದೆಹಲಿಯ ಹಿಡಿತ ಸಡಿಲವಾದ ಹಾಗೆ ಸಮ್ಮಾಗಳು ಪೂರ್ತಿ ಸ್ವತಂತ್ರರಾದರು.

ನೂರಿ ಮತ್ತು ಜಾಮ್ ತಮಾಚಿಯ ಕಥೆ ಏನು?

ದೊರೆ ಜಾಮ್ ತಮಾಚಿ ಕೀಂಝರ್ ಕೆರೆಯ ಮೀನುಗಾರರ ಹುಡುಗಿ ನೂರಿಯನ್ನು ಪ್ರೀತಿಸಿ ಮದುವೆಯಾದ ಕಥೆ ಇದು. ಸಿಂಧಿ ಮಾತನಾಡುವ ಮಕ್ಕಳಿಗೂ ಗೊತ್ತು. ನೂರಿಯ ಕುಲದವರ ಮೈಯಿಂದ ಸದಾ ಮೀನಿನ ವಾಸನೆ. ಊರಿನವರು ಅವರನ್ನು ಮುಟ್ಟಲೂ ಹಿಂಜರಿಯುತ್ತಿದ್ದರು. ಅರಮನೆಯಲ್ಲಿ ದೊಡ್ಡ ಮನೆತನದ ರಾಣಿಯರು ಎಷ್ಟೋ ಮಂದಿ ಇದ್ದರೂ, ಅಹಂಕಾರವಿಲ್ಲದ ನೂರಿಯನ್ನೇ ದೊರೆ ಮೆಚ್ಚಿದ. ಅವಳ ಕುಲದವರಿಗೆ ಕೆರೆಯನ್ನೇ ಬಿಟ್ಟುಕೊಟ್ಟು, ತೆರಿಗೆ ಮನ್ನಾ ಮಾಡಿದ ಅಂತ ಕಥೆ ಹೇಳುತ್ತದೆ.

ಸಿಂಧಿಯ ಮಹಾಕವಿ ಷಾ ಅಬ್ದುಲ್ ಲತೀಫ್ (1689–1752) ಈ ಕಥೆಯನ್ನು 'ಸುರ್ ಕಾಮೋದ್' ಎಂಬ ಭಾಗದಲ್ಲಿ ಹಾಡಿದ್ದಾನೆ. ಅವನ ಬೇರೆ ಪ್ರೇಮಕಥೆಗಳಲ್ಲಿ ಅಗಲಿಕೆಯೇ ಜಾಸ್ತಿ. ಸಸ್ಸಿ ಮರಳುಗಾಡಿನಲ್ಲಿ ಅಲೆಯುತ್ತಾಳೆ, ಸೋಹ್ಣಿ ನದಿಯಲ್ಲಿ ಮುಳುಗುತ್ತಾಳೆ. ನೂರಿಯ ಕಥೆ ಮಾತ್ರ ಕೂಡುವುದರಲ್ಲಿ ಮುಗಿಯುತ್ತದೆ. ನನಗೆ ಇದು ಬಹಳ ಇಷ್ಟವಾಗುವುದು ಇನ್ನೊಂದು ಕಾರಣಕ್ಕೆ. ವಂಶದ ಹೆಮ್ಮೆ ಹೇಳಿಕೊಳ್ಳುವ ಒಂದು ರಾಜಕುಲವನ್ನು ಜನ ನೆನಪಿಟ್ಟುಕೊಂಡಿರುವುದು, ಆ ಕುಲದ ದೊರೆ ವಂಶದ ಲೆಕ್ಕವನ್ನೇ ಬದಿಗಿಟ್ಟ ಕಥೆಯ ಮೂಲಕ.

ಕೀಂಝರ್ ಕೆರೆ ಇವತ್ತೂ ಇದೆ. ಕರಾಚಿ ನಗರಕ್ಕೆ ಕುಡಿಯುವ ನೀರು ಹೋಗುವುದು ಅಲ್ಲಿಂದ. ನೀರಿನ ನಡುವೆ ಇರುವ ಗೋರಿಯನ್ನು ನೂರಿಯದು ಎಂದು ತೋರಿಸುತ್ತಾರೆ. ಜನ ದೋಣಿಯಲ್ಲಿ ಹೋಗಿ ನೋಡಿ ಬರುತ್ತಾರೆ.

ಸಮ್ಮಾಗಳಲ್ಲಿ ಎಲ್ಲರಿಗಿಂತ ದೊಡ್ಡ ದೊರೆ ಯಾರು?

ಜಾಮ್ ನಿಜಾಮುದ್ದೀನ್, ಅಂದರೆ ಜಾಮ್ ನಿಂದೊ. 1461ರ ಸುಮಾರಿಗೆ ಪಟ್ಟಕ್ಕೆ ಬಂದು 1508ರವರೆಗೆ ಆಳಿದ. ನಮ್ಮ ಕಡೆ ವಿಜಯನಗರದಲ್ಲಿ ಸಂಗಮರು ಹೋಗಿ, ಸಾಳುವರು ಬಂದು, ಅವರೂ ಹೋಗಿ ತುಳುವರು ಬಂದ ಕಾಲ ಅದು. ಅಷ್ಟೂ ಕಾಲ ಸಿಂಧ್‌ನಲ್ಲಿ ಒಬ್ಬನೇ ದೊರೆ.

ಅವನ ಬಗ್ಗೆ ಹಳೆಯ ಚರಿತ್ರೆಗಳು ಹೇಳುವ ಒಂದು ಸಂಗತಿ ಇದೆ. ವಾರಕ್ಕೊಮ್ಮೆ ಕುದುರೆ ಲಾಯಕ್ಕೆ ಹೋಗಿ ಕುದುರೆಗಳ ಹಣೆ ಸವರುತ್ತಿದ್ದನಂತೆ. ಸುತ್ತಲೂ ನನ್ನ ಧರ್ಮದ ದೊರೆಗಳೇ ಇದ್ದಾರೆ, ಕಾರಣವಿಲ್ಲದೆ ನಿಮ್ಮನ್ನು ಯುದ್ಧಕ್ಕೆ ಒಯ್ಯುವ ದಿನ ಬಾರದಿರಲಿ ಅಂತ ಕುದುರೆಗಳಿಗೇ ಹೇಳುತ್ತಿದ್ದನಂತೆ. ಇರಾನಿನ ಶಿರಾಜ್‌ನ ದೊಡ್ಡ ವಿದ್ವಾಂಸ ಜಲಾಲುದ್ದೀನ್ ದವಾನಿಯನ್ನು ಠಟ್ಟಾಕ್ಕೆ ಕರೆಸಲು ಹಣವನ್ನೂ ಕಳಿಸಿದ. ದವಾನಿ ಹೊರಡುವ ಮುಂಚೆಯೇ ತೀರಿಕೊಂಡರು. ಅವರ ಇಬ್ಬರು ಶಿಷ್ಯರು ಮಾತ್ರ ಬಂದು ಠಟ್ಟಾದಲ್ಲೇ ನೆಲೆಸಿದರು.

ಸಿಂಧಿ ಭಾಷೆಗೂ ಈ ಕಾಲ ಮುಖ್ಯ. ಸಿಂಧಿಯ ಮೊದಲ ದೊಡ್ಡ ಕವಿ ಎಂದು ಹೆಸರಾದ ಖಾಜಿ ಖಾದನ್ ಬೆಳೆದದ್ದು ಸಮ್ಮಾಗಳ ಆಳ್ವಿಕೆಯಲ್ಲೇ. ತುಂಬಾ ಕಾಲ ಅವನ ಏಳು ಪದ್ಯಗಳು ಮಾತ್ರ ಸಿಕ್ಕಿದ್ದವು. 1970ರ ದಶಕದಲ್ಲಿ ನೂರಕ್ಕೂ ಹೆಚ್ಚು ಪದ್ಯಗಳಿರುವ ಕೈಬರಹ ಸಿಕ್ಕಿತು. ಸಿಕ್ಕಿದ್ದು ಸಿಂಧ್‌ನಲ್ಲಲ್ಲ, ಭಾರತದ ಹರಿಯಾಣದಲ್ಲಿ, ದಾದೂಪಂಥದ ಸಾಧುಗಳ ಮಠದಲ್ಲಿ. ಮುಸ್ಲಿಂ ಖಾಜಿಯ ಸಿಂಧಿ ಪದ್ಯಗಳನ್ನು ಹಿಂದೂ ಸಾಧುಗಳು ಶತಮಾನಗಳ ಕಾಲ ಕಾಪಾಡಿದ್ದರು.

ದರ್ಯಾ ಖಾನ್ ಯಾರು?

ಜಾಮ್ ನಿಂದೊನ ಸೇನಾಪತಿ. ಸಿಂಧ್‌ನಲ್ಲಿ 'ದೂಲಹ ದರ್ಯಾ ಖಾನ್' ಅನ್ನುತ್ತಾರೆ. ದೂಲಹ ಅಂದರೆ ಮದುಮಗ. ಸಮ್ಮಾ ವಂಶದವನಲ್ಲ, ಮಂತ್ರಿಯೊಬ್ಬನ ಮನೆಯ ಗುಲಾಮ ಹುಡುಗನಾಗಿದ್ದ ಎಂದು ಕಥೆ ಇದೆ. ಬೇಟೆಗೆ ಹೋಗಿದ್ದ ದೊರೆ ಬಾಯಾರಿ ನೀರು ಕೇಳಿದಾಗ ಹುಡುಗ ನೀರಿಗೆ ಒಂದಿಷ್ಟು ಹುಲ್ಲಿನ ಚೂರು ಹಾಕಿ ಕೊಟ್ಟ. ಯಾಕೆ ಅಂತ ಕೇಳಿದರೆ, ದಣಿದ ಮೈಯಲ್ಲಿ ಗಟಗಟ ಕುಡಿದರೆ ತೊಂದರೆ ಆಗುತ್ತದೆ, ಹುಲ್ಲು ಇದ್ದರೆ ನಿಧಾನವಾಗಿ ಕುಡಿಯುತ್ತೀರಿ ಅಂದ. ಆ ಬುದ್ಧಿ ಮೆಚ್ಚಿ ದೊರೆ ಅವನನ್ನು ಮಗನ ಹಾಗೆ ಬೆಳೆಸಿದ.

ಕಂದಹಾರ್ ಕಡೆಯಿಂದ ಅರ್ಘೂನ್ ಎಂಬ ಮನೆತನದವರು ಸಿಂಧ್ ಮೇಲೆ ಕಣ್ಣು ಹಾಕಿದಾಗ ತಡೆದು ನಿಲ್ಲಿಸಿದವನು ಇವನೇ. ಬೋಲಾನ್ ಕಣಿವೆಯ ಕಡೆ ನಡೆದ ಕಾಳಗದಲ್ಲಿ ಷಾ ಬೇಗ್ ಅರ್ಘೂನ್‌ನ ತಮ್ಮ ಸತ್ತ. ಜಾಮ್ ನಿಂದೊ ಬದುಕಿರುವ ತನಕ ಅರ್ಘೂನರು ಮತ್ತೆ ತಲೆ ಹಾಕಲಿಲ್ಲ.

ಹಾಗಿದ್ದ ರಾಜ್ಯ ಬಿದ್ದದ್ದು ಹೇಗೆ?

ಮನೆಜಗಳದಿಂದ. ನಿಂದೊ ಸತ್ತ ಮೇಲೆ ಮಗ ಫಿರೋಜ್ ಚಿಕ್ಕ ವಯಸ್ಸಿನಲ್ಲೇ ಪಟ್ಟಕ್ಕೆ ಬಂದ. ದಾಯಾದಿ ಸಲಾಹುದ್ದೀನ್ ಗುಜರಾತ್ ಸುಲ್ತಾನರ ಬೆಂಬಲದಿಂದ ಪಟ್ಟಕ್ಕೆ ಪೈಪೋಟಿ ಮಾಡಿದ. ಫಿರೋಜ್ ಭೋಗದಲ್ಲಿ ಮುಳುಗಿ, ದರ್ಯಾ ಖಾನ್‌ನನ್ನೂ ದೂರ ಮಾಡಿಕೊಂಡ. ಈ ಗಲಾಟೆಯ ನಡುವೆ 1520ರ ಕೊನೆಯಲ್ಲಿ ಷಾ ಬೇಗ್ ಅರ್ಘೂನ್ ಠಟ್ಟಾದ ಮೇಲೆ ಬಿದ್ದ. ದರ್ಯಾ ಖಾನ್ ಹೋರಾಡುತ್ತಾ ಸತ್ತ. ಊರು ದಿನಗಟ್ಟಲೆ ಲೂಟಿಯಾಯಿತು. ಫಿರೋಜ್ ಸ್ವಲ್ಪ ಕಾಲ ಅರ್ಘೂನರ ಅಡಿಯಾಳಾಗಿ ಉಳಿದು, ಕೊನೆಗೆ ಗುಜರಾತಿಗೆ ಓಡಿಹೋದ. ಅವನ ಮಗಳನ್ನು ಅಲ್ಲಿಯ ಬಹಾದುರ್ ಷಾ ಸುಲ್ತಾನನಿಗೆ ಮದುವೆ ಮಾಡಿಕೊಟ್ಟರು.

ಸಿಂಧ್ ಮತ್ತು ಗುಜರಾತ್ ಅರಮನೆಗಳ ನಡುವೆ ಇದು ಮೊದಲ ನೆಂಟಸ್ತಿಕೆ ಏನಲ್ಲ. ಗುಜರಾತಿನ ಹೆಸರಾಂತ ಸುಲ್ತಾನ ಮಹಮೂದ್ ಬೇಗಡಾನ ತಾಯಿ ಬೀಬಿ ಮುಘಲಿ ಸಿಂಧ್‌ನ ಜಾಮ್ ಮನೆತನದ ಮಗಳು.

ಮಕ್ಲಿ ಎಂದರೇನು? ಯಾಕೆ ಅಷ್ಟು ಹೆಸರು?

ಠಟ್ಟಾದ ಪಕ್ಕದ ಬೋಳು ಗುಡ್ಡದ ಮೇಲೆ ಸುಮಾರು 10 ಚದರ ಕಿಲೋಮೀಟರ್ ಹರಡಿರುವ ಗೋರಿಗಳ ಬಯಲು. ಲಕ್ಷಗಟ್ಟಲೆ ಸಮಾಧಿಗಳಿವೆ. 1981ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣ ಎಂದು ಸಾರಿತು. ಜಾಮ್ ತಮಾಚಿ ಗೌರವಿಸುತ್ತಿದ್ದ ಸೂಫಿ ಗುರು ಷೇಖ್ ಹಮ್ಮಾದ್ ಜಮಾಲಿ ಇಲ್ಲಿ ನೆಲೆಸಿದ್ದರಿಂದ, ಅವರ ಸಮಾಧಿಯ ಹತ್ತಿರ ಮಣ್ಣಾಗಬೇಕು ಅಂತ ರಾಜಮನೆತನದವರು ಆಸೆಪಟ್ಟರು. ಹಾಗೆ ಶುರುವಾಗಿ, ಸಮ್ಮಾಗಳ ನಂತರ ಬಂದ ಅರ್ಘೂನ್, ತರ್ಖಾನ್, ಮೊಘಲ್ ಕಾಲದವರೂ ಅಲ್ಲೇ ಗೋರಿ ಕಟ್ಟಿಸಿಕೊಂಡರು.

ಜಾಮ್ ನಿಂದೊನ ಗೋರಿ ಮುಗಿದದ್ದು 1510ರ ಸುಮಾರಿಗೆ. ನಾಲ್ಕು ಮೂಲೆಯ ಕಲ್ಲಿನ ಕಟ್ಟಡ, ಮೇಲೆ ಗುಮ್ಮಟ ಇಲ್ಲ. ಗೋಡೆಯ ಮೇಲೆ ಕಮಲದ ಹೂವು, ಹಂಸಗಳ ಸಾಲು, ಹಿಂಬದಿಯಲ್ಲಿ ಗುಜರಾತಿನ ದೇವಸ್ಥಾನಗಳಂಥ ಕೆತ್ತನೆಯ, ಗೋಡೆಯಿಂದ ಹೊರಚಾಚಿದ ಬಾಲ್ಕನಿ. ಅದರ ಜೊತೆಗೇ ಅರಬ್ಬಿ ಅಕ್ಷರಗಳ ಪಟ್ಟಿ. ಬೇಲೂರು, ಹಳೇಬೀಡು ದೇವಸ್ಥಾನಗಳ ಹಂಸಪಟ್ಟಿ ನೋಡಿ ಬೆಳೆದ ನಮ್ಮ ಕಣ್ಣಿಗೆ ಒಬ್ಬ ಮುಸ್ಲಿಂ ದೊರೆಯ ಗೋರಿಯ ಮೇಲೆ ಹಂಸಗಳ ಸಾಲು ಕಾಣುವುದು ಎಷ್ಟು ಚಂದ! ಸಮ್ಮಾಗಳ ಮೂಲ ಯಾವುದು ಅಂತ ವಾದ ಮಾಡುವವರಿಗೆ ನಾನು ತೋರಿಸುವುದು ಈ ಗೋಡೆಯನ್ನೇ. ಎರಡೂ ವಂಶಾವಳಿಗಳು ಇದೇ ಕಲ್ಲಿನಲ್ಲಿ ಒಟ್ಟಿಗೆ ಇವೆ.

ಜಡೇಜಾಗಳು ಸಮ್ಮಾಗಳೇ?

ಹೌದು, ಅವರದೇ ಹೇಳಿಕೆಯ ಪ್ರಕಾರ. ಸಮ್ಮಾ ಕುಲದ ಒಂದು ಕವಲು ಸಿಂಧ್‌ನಿಂದ ಕಛ್‌ಗೆ ಬಂತು. ಜಾಡಾ ಎಂಬ ಹಿರಿಯನ ಹೆಸರಿನಿಂದ ಆ ಕವಲಿಗೆ ಜಡೇಜಾ ಎಂದು ಹೆಸರಾಯಿತು. ಇವರು ಹಿಂದೂಗಳಾಗಿಯೇ ಉಳಿದರು. 1540ರಲ್ಲಿ ಜಾಮ್ ರಾವಳ್ ನವಾನಗರ ಕಟ್ಟಿದ. ಅದೇ ಈಗಿನ ಜಾಮ್‌ನಗರ. 1549ರಲ್ಲಿ ರಾವ್ ಖೆಂಗಾರ್ ಭುಜ್‌ನ್ನು ಕಛ್‌ನ ರಾಜಧಾನಿ ಮಾಡಿದ. ಸಿಂಧ್‌ನಲ್ಲಿ ಸಮ್ಮಾಗಳ ಪಟ್ಟ ಹೋದ ಕೆಲವೇ ವರ್ಷಗಳಲ್ಲಿ 'ಜಾಮ್' ಬಿರುದು ಗುಜರಾತಿನಲ್ಲಿ ಮತ್ತೆ ಗಟ್ಟಿಯಾಯಿತು.

ಜುನಾಗಢ ಆಳಿದ ಚೂಡಾಸಮಾ ಮನೆತನವೂ ಸಮ್ಮಾ ನಂಟು ಹೇಳಿಕೊಳ್ಳುತ್ತದೆ. ಅವರ ಕೊನೆಯ ದೊರೆ ರಾ ಮಾಂಡಲಿಕನನ್ನು 1472ರಲ್ಲಿ ಸೋಲಿಸಿದವನು ಮಹಮೂದ್ ಬೇಗಡಾ, ಅಂದರೆ ಸಮ್ಮಾ ಮನೆಮಗಳ ಮಗ.

ಕನ್ನಡಿಗರಿಗೆ ಜಾಮ್ ಅಂದರೆ ಕ್ರಿಕೆಟ್ ನೆನಪಾಗಬೇಕು. ರಣಜಿ ಟ್ರೋಫಿಗೆ ಹೆಸರು ಬಂದದ್ದು ನವಾನಗರದ ಜಾಮ್ ಸಾಹೇಬ್ ರಣಜಿತ್‌ಸಿಂಹರಿಂದ. 1973-74ರಲ್ಲಿ ಕರ್ನಾಟಕ ಮೊದಲ ಸಲ ಗೆದ್ದ ಆ ಟ್ರೋಫಿಯ ಹೆಸರಿನ ಹಿಂದೆ ಈ ಸಿಂಧ್ ಕುಲ ಇದೆ. ಅವರ ನಂತರ ಬಂದ ಜಾಮ್ ಸಾಹೇಬ್ ದಿಗ್ವಿಜಯಸಿಂಹ ಎರಡನೇ ಮಹಾಯುದ್ಧದ ಕಾಲದಲ್ಲಿ ನೂರಾರು ಪೋಲೆಂಡ್ ಮಕ್ಕಳಿಗೆ ಬಾಲಾಚಡಿಯಲ್ಲಿ ಆಶ್ರಯ ಕೊಟ್ಟರು. ಪೋಲೆಂಡಿನಲ್ಲಿ ಇವತ್ತಿಗೂ ಅವರ ಹೆಸರು ಹೇಳುತ್ತಾರೆ.

ಬೆಂಗಳೂರಿನಲ್ಲಿರುವ ಸಿಂಧಿಗಳು ಸಮ್ಮಾಗಳಾ?

ಸಾಮಾನ್ಯವಾಗಿ ಅಲ್ಲ. ವಿಭಜನೆಯ ನಂತರ ಬಂದ ಸಿಂಧಿ ಹಿಂದೂಗಳಲ್ಲಿ ಹೆಚ್ಚಿನವರು ಲೋಹಾನಾ ಮೂಲದ ಆಮಿಲ್ ಮತ್ತು ಭಾಯಿಬಂದ್ ಸಮುದಾಯದವರು.

ಇವತ್ತು ಸಮ್ಮಾಗಳು ಎಲ್ಲಿದ್ದಾರೆ?

ಸಿಂಧ್‌ನ ತುಂಬಾ ಇದ್ದಾರೆ. ಹೆಸರು ಮಾತ್ರ ಬೇರೆ ಬೇರೆ. ಉನಾರ್, ಸಮೇಜೊ, ಜುನೇಜೊ, ಪಲಿಜೊ, ಜೋಖಿಯೊ ಮುಂತಾದವರು ತಮ್ಮನ್ನು ಸಮ್ಮಾ ಕವಲು ಎನ್ನುತ್ತಾರೆ. 1985ರಿಂದ 1988ರವರೆಗೆ ಪಾಕಿಸ್ತಾನದ ಪ್ರಧಾನಿ ಆಗಿದ್ದ ಮುಹಮ್ಮದ್ ಖಾನ್ ಜುನೇಜೊ ಸಿಂಧ್‌ನವರೇ.

ಗಡಿಯ ಈಚೆ, ಕಛ್‌ನ ಖಾವಡಾ ಸುತ್ತಮುತ್ತ ಮುಸ್ಲಿಂ ಸಮ್ಮಾಗಳು ಇದ್ದಾರೆ. ದನಕರು ಸಾಕುವುದು ಅಲ್ಲಿಯ ಹಳೆಯ ಕಸುಬು. ಅದೇ ಜಿಲ್ಲೆಯಲ್ಲಿ ಹಿಂದೂ ಜಡೇಜಾಗಳೂ ಇದ್ದಾರೆ. ಇಬ್ಬರೂ ಆಡುವುದು ಕಛ್ಛಿ, ಅದು ಸಿಂಧಿಗೆ ಬಹಳ ಹತ್ತಿರದ ಭಾಷೆ. 1947ರ ಗಡಿ ಈ ಕುಲದ ನಡುವೆಯೇ ಹಾದುಹೋಗಿದೆ. ಒಂದು ಕಾಲದಲ್ಲಿ ರಣ್ ದಾಟಿ ದನ ಹೊಡೆದುಕೊಂಡು, ಮದುವೆ ದಿಬ್ಬಣ ತೆಗೆದುಕೊಂಡು ಓಡಾಡಿದ ದಾರಿಯಲ್ಲಿ ಈಗ ಬೇಲಿ ಇದೆ.

ಈ ಇತಿಹಾಸವನ್ನು ಕಣ್ಣಾರೆ ನೋಡಲು ನಾವು ಎಲ್ಲಿಗೆ ಹೋಗಬಹುದು?

ಮಕ್ಲಿಗೆ ಹೋಗುವುದು ಭಾರತದವರಿಗೆ ಸುಲಭವಿಲ್ಲ. ಹಾಗಾಗಿ ಭುಜ್‌ನಿಂದ ಶುರು ಮಾಡಿ. ಜಡೇಜಾ ದೊರೆಗಳ ನೆನಪಿಗೆ ಕಟ್ಟಿದ ಛತ್ರಿಗಳು, ಅಂದರೆ ಕಲ್ಲಿನ ಸ್ಮಾರಕ ಮಂಟಪಗಳು, ಊರಿನ ಅಂಚಿನಲ್ಲಿವೆ. 2001ರ ಭೂಕಂಪದಲ್ಲಿ ಬಹಳಷ್ಟು ಬಿದ್ದುಹೋದರೂ ಉಳಿದ ಕಲ್ಲುಗಳ ಕೆತ್ತನೆ ನೋಡಲೇಬೇಕಾದ್ದು. ಆಯಿನಾ ಮಹಲ್ ಅರಮನೆ ಊರೊಳಗೇ ಇದೆ. ಅಲ್ಲಿಂದ ಉತ್ತರಕ್ಕೆ ಖಾವಡಾ ರಸ್ತೆ ಹಿಡಿದರೆ ಬನ್ನಿ ಹುಲ್ಲುಗಾವಲು, ಅದರಾಚೆ ರಣ್. ಫಿರೋಜ್ ಷಾನ ಸೈನ್ಯ ನೀರಿಲ್ಲದೆ ಅಲೆದದ್ದು ಇಂಥ ಉಪ್ಪಿನ ಬಯಲಿನಲ್ಲೇ. ಚಳಿಗಾಲದಲ್ಲಿ ಹೋಗಿ, ಬೇಸಿಗೆಯಲ್ಲಿ ಬಿಸಿಲು ತಡೆಯಲಾಗುವುದಿಲ್ಲ. ಗಡಿಯ ಹತ್ತಿರದ ಕೆಲವು ಜಾಗಗಳಿಗೆ ಪರವಾನಗಿ ಬೇಕಾಗುತ್ತದೆ. ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.